ಅದು ಒರಿಜಿನಲ್ಲಾ?

ಮೊದಲ ಸಲ ನನ್ನ ಬಳಿ ಆಪ್ತಸಲಹೆಗೆ ಬಂದಾಗ ಆಕೆಯ ಹೆಗಲಲ್ಲಿ ಒಂದು ಹಳೆಯ ಬಟ್ಟೆಯ ಚೀಲವಿತ್ತು. ಹಿಡಿಯ ಹತ್ತಿರ ಹೊಲಿಗೆ ಬಿಟ್ಟಿತ್ತು. ಅವತ್ತು ಅದನ್ನು ನಾನು ಗಮನಿಸಲೇ ಇಲ್ಲ. ನಾಲ್ಕನೇ ಭೇಟಿಯ ಹೊತ್ತಿಗೆ ಆ ಚೀಲದಲ್ಲೂ ಒಂದು ಕಥೆ ಇದೆ ಎಂದು ಗೊತ್ತಾಯಿತು.

ಈ ಪ್ರಕರಣವನ್ನು ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಎಂದು ಕೆಲವು ವಿವರ ಬದಲಿಸಿದ್ದೇನೆ. ಹೆಸರು ಹಾಕಿಲ್ಲ. ಈ ಕಥೆಯಲ್ಲಿ ಬರುವ ಆಕೆಯ ದುಬಾರಿ ಬ್ಯಾಗ್ ಯಾವ ಕಂಪನಿಯದು ಎಂದೂ ಬರೆಯುವುದಿಲ್ಲ.

ಆಕೆಗೆ 34 ವರ್ಷ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಕೈ ಕೆಳಗೆ 6 ಜನ ಇದ್ದಾರೆ. ಬಂದದ್ದು ನಿದ್ದೆಯ ತೊಂದರೆಗೆ. "ಮಧ್ಯರಾತ್ರಿ ಎಚ್ಚರ ಆಗುತ್ತೆ ಮೇಡಂ. ಆಮೇಲೆ ಬೆಳಗಾಗೋವರೆಗೂ ಸುಮ್ನೆ ಮಲಗಿರ್ತೀನಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಅಕ್ಕ ಮಾತು ಬಿಟ್ಟಿದ್ದಾಳೆ" ಎಂದರು.

ಅಕ್ಕನ ವಿಷಯ ಬಂದರೆ ಆಕೆಯ ದನಿ ಬದಲಾಗುತ್ತಿತ್ತು. ತಾಯಿ ಬೇಗ ತೀರಿಕೊಂಡಿದ್ದರು. 7 ವರ್ಷ ದೊಡ್ಡವಳಾದ ಅಕ್ಕನೇ ಸಾಕಿದ್ದು. ಕಾಲೇಜಿನ ಅರ್ಜಿ ತುಂಬಿದ್ದು ಅಕ್ಕ, ಫೀಸು ಕಟ್ಟಲು ಸಾಲಿನಲ್ಲಿ ನಿಂತದ್ದು ಅಕ್ಕ. ಅಂಥ ಅಕ್ಕ ಈಗ 2 ತಿಂಗಳಿಂದ ಫೋನ್ ಎತ್ತುತ್ತಿಲ್ಲ. ಏನಾಯಿತು ಎಂದು ಕೇಳಿದರೆ, "ಏನೋ ಒಂದು ಸಣ್ಣ ಜಗಳ" ಎಂದು ಎರಡು ಭೇಟಿಗಳಲ್ಲಿ ಜಾರಿಕೊಂಡರು. ನಾನೂ ಒತ್ತಾಯ ಮಾಡಲಿಲ್ಲ.

ಮೂರನೇ ಸಲ ಬಂದಾಗ ತಾವಾಗಿಯೇ ಹೇಳಿದರು. ಅಕ್ಕ ಆಸ್ಪತ್ರೆಗೆ ಹೋಗುವ ಆತುರದಲ್ಲಿ ಬೀರುವಿನಲ್ಲಿದ್ದ ಇವರ ಬ್ಯಾಗ್ ತೆಗೆದುಕೊಂಡು ಹೋಗಿದ್ದರು. ಹೊರಗೆ ಮಳೆ. ಬರುವಾಗ ಮಡಚಿದ ಒದ್ದೆ ಕೊಡೆಯನ್ನು ಆ ಬ್ಯಾಗಿನೊಳಗೆ ತುರುಕಿದ್ದರು. ಪಕ್ಕದಲ್ಲೇ ಔಷಧಿಯ ಬಾಟಲಿ, ರಿಪೋರ್ಟಿನ ಕಡತ. ಬಾಗಿಲಲ್ಲೇ ಅದನ್ನು ನೋಡಿದ ಇವರು ಕಿರುಚಿದರಂತೆ. ಬ್ಯಾಗ್ ಕಿತ್ತುಕೊಂಡು, ಒಳಗಿದ್ದದ್ದನ್ನೆಲ್ಲ ನೆಲದ ಮೇಲೆ ಸುರಿದರಂತೆ. ಅಕ್ಕ ರಿಪೋರ್ಟಿನ ಹಾಳೆಗಳನ್ನು ಒಂದೊಂದಾಗಿ ಆರಿಸಿಕೊಂಡು, "ಒಂದು ಚೀಲಕ್ಕೋಸ್ಕರ ನನ್ನ ಮೇಲೆ ಹೀಗೆ ಕೂಗ್ತೀಯೇನೇ?" ಎಂದಷ್ಟೇ ಹೇಳಿ ಹೊರಟುಹೋದರು.

"ಅದರ ಬೆಲೆ ಅಕ್ಕನಿಗೆ ಗೊತ್ತಿಲ್ಲ ಮೇಡಂ. ರಿಯಾಯಿತಿಯಲ್ಲಿ ಸಿಕ್ತು ಅಂತ ಸುಳ್ಳು ಹೇಳಿದ್ದೆ."

"ನಿಜವಾದ ಬೆಲೆ?"

"ನನ್ನ 3 ತಿಂಗಳ ಸಂಬಳ. ಕಾರ್ಡಿನಲ್ಲಿ ತಗೊಂಡೆ. ಇನ್ನೂ ಕಟ್ತಾ ಇದ್ದೀನಿ."

ಇಲ್ಲಿ ನಾನೊಂದು ತಪ್ಪು ಮಾಡಿದೆ. ಸಮಾಧಾನ ಮಾಡುವ ಆತುರದಲ್ಲಿ, "ಬಿಡಿ, ಕೊನೆಗೂ ಅದೊಂದು ವಸ್ತು ತಾನೇ?" ಎಂದುಬಿಟ್ಟೆ. ಆಕೆಯ ಮುಖ ಮುಚ್ಚಿಕೊಂಡಿತು. ಆ ದಿನ ಉಳಿದ ಹೊತ್ತೆಲ್ಲ ಹೌದು, ಇಲ್ಲ ಎಂಬ ಉತ್ತರ ಮಾತ್ರ. ಬರೀ ವಸ್ತುವಾಗಿದ್ದರೆ ಆಕೆ ಅದಕ್ಕೆ ಮೂರು ತಿಂಗಳ ದುಡಿಮೆ ಕೊಡುತ್ತಿರಲಿಲ್ಲ. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಇನ್ನೊಂದು ಮಾತನ್ನೂ ಇಲ್ಲೇ ಹೇಳುತ್ತೇನೆ. ಗಂಡಸು ದುಬಾರಿ ಕೈಗಡಿಯಾರ ಕೊಂಡರೆ ಅಭಿರುಚಿ ಎನ್ನುತ್ತೇವೆ, ಹೂಡಿಕೆ ಎನ್ನುತ್ತೇವೆ. ಹೆಂಗಸು ಬ್ಯಾಗ್ ಕೊಂಡರೆ ಶೋಕಿ ಎನ್ನುತ್ತೇವೆ. ಆ ತೀರ್ಪು ನನ್ನ ಮಾತಿನಲ್ಲೂ ಇತ್ತು. ಮುಂದಿನ ಭೇಟಿಯಲ್ಲಿ ಆಕೆಯ ಕ್ಷಮೆ ಕೇಳಿದೆ. ಆಮೇಲೆಯೇ ಒಳಗಿನ ಮಾತು ಹೊರಗೆ ಬಂತು.

ಬಡ್ತಿ ಸಿಕ್ಕ ಹೊಸತು. ಹೊರಗಿನ ಸಂಸ್ಥೆಯವರ ಜೊತೆ ಮೀಟಿಂಗ್. ಇವರು ಬಟ್ಟೆಯ ಚೀಲ ಹಾಕಿಕೊಂಡು ಹೋಗಿದ್ದರು. ಜೊತೆಗೆ ಇವರ ಕೈ ಕೆಳಗಿನ ಹುಡುಗಿ, ಅವಳ ಕೈಯಲ್ಲಿ ಹೆಸರಾಂತ ಬ್ರ್ಯಾಂಡಿನ ಬ್ಯಾಗ್. ಬಂದ ಹಿರಿಯ ಅಧಿಕಾರಿ ನೇರವಾಗಿ ಆ ಹುಡುಗಿಯ ಕಡೆ ತಿರುಗಿ ಮಾತು ಶುರು ಮಾಡಿದರು. ನಡುವೆ ಒಂದು ಕಡತವನ್ನು ಇವರ ಕೈಗೆ ಕೊಟ್ಟು, "ಇದರ ಎರಡು ಜೆರಾಕ್ಸ್ ಮಾಡಿಸಿಕೊಂಡು ಬನ್ನಿ" ಎಂದರು.

"ನೀವೇನು ಮಾಡಿದಿರಿ?"

"ಮಾಡಿಸಿಕೊಂಡು ಬಂದೆ" ಎಂದರು ಆಕೆ. ಅಷ್ಟು ಹೇಳಿ ತುಂಬಾ ಹೊತ್ತು ಅತ್ತರು.

ಅದಾದ 9ನೇ ದಿನ ಬ್ಯಾಗ್ ಕೊಂಡರು.

ಕೊಂಡ ಬ್ಯಾಗನ್ನು ಕಚೇರಿಗೆ ಒಯ್ದದ್ದು ಎರಡೇ ಸಲ. ಮೊದಲನೇ ದಿನ ಬ್ಯಾಗಿಗೆ ಎಲ್ಲಿ ಗೀರು ಬೀಳುತ್ತದೋ ಎಂದು ಅದನ್ನು ತೊಡೆಯ ಮೇಲಿಂದ ಕೆಳಗಿಡಲಿಲ್ಲ. ಎರಡನೇ ದಿನ ಸಹೋದ್ಯೋಗಿಯೊಬ್ಬರು ನೋಡಿ ನಕ್ಕು ಕೇಳಿದರು: "ಚೆನ್ನಾಗಿದೆ. ಒರಿಜಿನಲ್ಲಾ?"

ಆ ಕ್ಷಣ ಆಕೆಯ ಬಾಯಿಂದ ಹೊರಟ ಉತ್ತರ, "ಅಯ್ಯೋ ಇಲ್ಲ, ಕಾಪಿ."

ಮೂರು ತಿಂಗಳ ಸಂಬಳ ಕೊಟ್ಟ ಅಸಲಿ ಬ್ಯಾಗನ್ನು ಆಕೆ ತಾವೇ ನಕಲಿ ಎಂದರು. ಅವತ್ತೇ ಅದು ಬೀರು ಸೇರಿತು. ಬಟ್ಟೆಯ ಚೀಲ ಮತ್ತೆ ಹೆಗಲಿಗೆ ಬಂತು.

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಎನಿಸಿದ್ದು ಈ ಒಂದು ಮಾತು. ಬ್ಯಾಗ್ ನೋಡಿ ಜನ ತಮ್ಮನ್ನು ಅಳೆಯುತ್ತಾರೆ ಎಂದು ಆಕೆ ನಂಬಿದ್ದರು. ಆದದ್ದು ಉಲ್ಟಾ. ಜನ ಆಕೆಯನ್ನು ನೋಡಿ ಬ್ಯಾಗನ್ನು ಅಳೆದರು. ಇವರ ಹತ್ತಿರ ಅಸಲಿ ಎಲ್ಲಿಂದ ಬರಬೇಕು ಎಂದುಕೊಂಡರು. ಅದಕ್ಕಿಂತ ನೋವಿನ ಸಂಗತಿ, ಆಕೆಯೂ ಅದನ್ನು ಒಪ್ಪಿಕೊಂಡುಬಿಟ್ಟರು.

ಇದನ್ನು ಆಕೆಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದೆಲ್ಲ ಇರಲಿ ಮೇಡಂ. ನನಗೊಂದು ನೇರ ಉತ್ತರ ಬೇಕು. ಅದು ಆ ಬೆಲೆ ಬಾಳುತ್ತಾ, ಇಲ್ವಾ? ನನಗೆ ಮೋಸ ಆಯ್ತಾ?" ಎಂದು ಕೇಳಿದರು.

ಭಾವನೆಯ ಮಾತಿನಲ್ಲಿ ಈ ಪ್ರಶ್ನೆಯನ್ನು ತೇಲಿಸಿಬಿಡುವುದು ನನಗೆ ಸರಿ ಕಾಣಲಿಲ್ಲ. ಲೆಕ್ಕ ಬಲ್ಲ ಮನುಷ್ಯರಿಗೆ ಲೆಕ್ಕದಲ್ಲೇ ಉತ್ತರ ಕೊಡಬೇಕು. "ಮುಂದಿನ ವಾರ ಬ್ಯಾಗ್ ತನ್ನಿ, ಇಬ್ಬರೂ ನೋಡೋಣ" ಎಂದೆ. ಆ ವಾರ ನಾನೂ ಸ್ವಲ್ಪ ಓದಿಕೊಂಡೆ. ಬ್ಯಾಗ್ ರಿಪೇರಿಯಲ್ಲೇ ವಯಸ್ಸು ಕಳೆದ ಹಿರಿಯರೊಬ್ಬರ ಹತ್ತಿರ ಕೂತು ಕೇಳಿ ತಿಳಿದುಕೊಂಡೆ.

ಆ ಹಿರಿಯರು ಹೇಳಿದ್ದನ್ನು ಇಲ್ಲಿ ಬರೆಯಲೇಬೇಕು, ಯಾರಿಗಾದರೂ ಉಪಯೋಗ ಆಗುತ್ತದೆ. ಒಳ್ಳೆಯ ಬ್ಯಾಗನ್ನು ಮೊದಲು ಹಿಡಿ ಮೈಗೆ ಸೇರುವ ಜಾಗದಲ್ಲಿ ನೋಡಬೇಕು, ಭಾರ ಎಲ್ಲ ಬೀಳುವುದು ಅಲ್ಲೇ. ಆಮೇಲೆ ಅಂಚು. ಚರ್ಮದ ಕತ್ತರಿಸಿದ ಅಂಚಿಗೆ ಬಣ್ಣ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿಯುತ್ತಾರೆ. ಒಂದೇ ಸಲ ದಪ್ಪಗೆ ಬಳಿದದ್ದು ಬೇಗ ಬಿರಿಯುತ್ತದೆ. ಹೊಲಿಗೆಯಲ್ಲೂ ವ್ಯತ್ಯಾಸ ಇದೆ. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಹಾಕಿ, ಒಂದೇ ರಂಧ್ರದಲ್ಲಿ ಎರಡೂ ಕಡೆಯಿಂದ ಹಾಯಿಸಿ ಕೈಯಲ್ಲಿ ಹೊಲಿದದ್ದಾದರೆ, ಒಂದು ಕಡೆ ದಾರ ತುಂಡಾದರೂ ಪಕ್ಕದ ಹೊಲಿಗೆ ಬಿಡುವುದಿಲ್ಲ. ಕುದುರೆಯ ಜೀನು ಹೊಲಿಯುವ ಹಳೆಯ ಪದ್ಧತಿ ಅದು. ಯಂತ್ರದ ಹೊಲಿಗೆ ಹಾಗಲ್ಲ, ಒಂದು ಕಡೆ ಕಿತ್ತರೆ ಬಿಚ್ಚಿಕೊಳ್ಳುತ್ತಾ ಹೋಗಬಹುದು. ಚರ್ಮದಲ್ಲೂ ದರ್ಜೆಗಳಿವೆ. ಮೇಲ್ಪದರವನ್ನು ಉಜ್ಜದೆ ಹಾಗೇ ಉಳಿಸಿಕೊಂಡ ಚರ್ಮ ವರ್ಷಗಟ್ಟಲೆ ಬಾಳುತ್ತದೆ. ಪುಡಿಚರ್ಮವನ್ನು ಅಂಟಿನಿಂದ ಒತ್ತಿ ಮಾಡಿದ್ದು ಕೆಲವೇ ವರ್ಷಕ್ಕೆ ಸಿಪ್ಪೆ ಏಳುತ್ತದೆ, ಅದರ ಚೀಟಿಯ ಮೇಲೂ ಚರ್ಮ ಎಂದೇ ಬರೆದಿರಬಹುದು. ಜಿಪ್ ಎಳೆದು ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ ಎಂದರು ಅವರು.

ಆಕೆ ಬ್ಯಾಗ್ ತಂದರು. ಮೇಜಿನ ಮೇಲಿಟ್ಟು ನೋಡಿದೆವು. ಹೊಲಿಗೆ ನೇರವಾಗಿತ್ತು, ಅಂಚು ನುಣುಪಾಗಿತ್ತು, ಜಿಪ್ ಹಗುರವಾಗಿ ಓಡಿತು. ಒಳ್ಳೆಯ ಕೆಲಸ, ಅನುಮಾನವೇ ಇಲ್ಲ. ಆದರೆ ಆಕೆ ಇಷ್ಟು ದಿನ ಚರ್ಮ ಎಂದುಕೊಂಡಿದ್ದ ಮೈ ಭಾಗ ಚರ್ಮ ಆಗಿರಲಿಲ್ಲ. ಹತ್ತಿ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪದರ ಕೊಟ್ಟ ಕ್ಯಾನ್ವಾಸ್. ಹಿಡಿ ಮತ್ತು ಪಟ್ಟಿ ಮಾತ್ರ ಚರ್ಮ. ಇದರಲ್ಲಿ ಮೋಸ ಇಲ್ಲ, ಕಂಪನಿಯೇ ಅದನ್ನು ಹೇಳಿರುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಗುರುತು ಸಿಗುವ ಕೆಲವು ಬ್ಯಾಗುಗಳು ಇದೇ ಬಗೆಯವು. ಇಂಥ ಕ್ಯಾನ್ವಾಸ್ ಗಟ್ಟಿ, ಹಗುರ, ಸುಲಭಕ್ಕೆ ನೀರು ಹೀರುವುದಿಲ್ಲ.

ಆಕೆ ತಟ್ಟನೆ ತಲೆ ಎತ್ತಿದರು. "ಹಾಗಾದ್ರೆ ಕೊಡೆ ಇಟ್ಟಿದ್ದಕ್ಕೆ..."

"ಹೊರಗಿನ ಮೈಗೆ ಏನೂ ಆಗ್ತಿರಲಿಲ್ಲ. ಒಳಗಿನ ಲೈನಿಂಗ್ ಒರೆಸಿ ಗಾಳಿಗೆ ಇಟ್ಟಿದ್ರೆ ಸಾಕಿತ್ತು."

ಆಕೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಬೆಲೆಯ ಮಾತಿಗೆ ಮತ್ತೆ ಬರಲು ಆಕೆಗೆ ಒಂದು ವಾರ ಬೇಕಾಯಿತು. ಈ ಸಲ ನೋಟ್‌ಬುಕ್ ತಂದಿದ್ದರು. ಒಂದು ಕಡೆ 'ವಸ್ತು', ಇನ್ನೊಂದು ಕಡೆ 'ಹೆಸರು' ಎಂದು ಎರಡು ಕಲಂ ಹಾಕಿದ್ದರು. ವಸ್ತುವಿನ ಪಾಲು ಎಷ್ಟಿರಬಹುದು ಎಂಬುದಕ್ಕೆ ನಾನು ಓದಿದ್ದನ್ನು ಮುಂದಿಟ್ಟೆ. 2024ರಲ್ಲಿ ಇಟಲಿಯ ಮಿಲಾನ್ ನ್ಯಾಯಾಲಯ, ಫ್ರಾನ್ಸಿನ ದುಬಾರಿ ಫ್ಯಾಷನ್ ಕಂಪನಿ ಡಿಯೋರ್ ಗುಂಪಿನ ಒಂದು ತಯಾರಿಕಾ ಘಟಕವನ್ನು ನ್ಯಾಯಾಂಗದ ಮೇಲ್ವಿಚಾರಣೆಗೆ ಒಪ್ಪಿಸಿತು. ಹೊರಗುತ್ತಿಗೆ ಪಡೆದ ಕಾರ್ಖಾನೆಗಳಲ್ಲಿ ಕೆಲಸಗಾರರ ಶೋಷಣೆ ನಡೆಯದಂತೆ ನೋಡಿಕೊಂಡಿಲ್ಲ ಎಂಬುದು ದೂರು. ಆ ದಾಖಲೆಗಳಲ್ಲಿ ಬಂದ ಒಂದು ಲೆಕ್ಕ ಜಗತ್ತೆಲ್ಲ ಸುದ್ದಿಯಾಯಿತು. ಅಂಗಡಿಯಲ್ಲಿ ಸುಮಾರು 2,600 ಯೂರೋಗೆ ಮಾರುವ ಒಂದು ಬ್ಯಾಗನ್ನು ಜೋಡಿಸಿಕೊಡಲು ಗುತ್ತಿಗೆದಾರರಿಗೆ ಸಿಗುತ್ತಿದ್ದದ್ದು 53 ಯೂರೋ. ಚರ್ಮ, ವಿನ್ಯಾಸ, ಅಂಗಡಿ, ಜಾಹೀರಾತಿನ ಖರ್ಚು ಇದರಲ್ಲಿ ಸೇರಿಲ್ಲ, ಅದನ್ನು ಮರೆಯಬಾರದು. ಆದರೂ ಕೈಕೆಲಸದ ಪಾಲು ಎಷ್ಟು ತೆಳು ಎಂಬುದು ಕಾಣುತ್ತದೆ.

ಎಲ್ಲ ಕಂಪನಿಗಳೂ ಹೀಗೆ ಎಂದಲ್ಲ. ಫ್ರಾನ್ಸಿನ ಕಂಪನಿ ಎರ್ಮೆಸ್‌ನ ಬರ್ಕಿನ್ ಬ್ಯಾಗನ್ನು ಒಬ್ಬರೇ ಕುಶಲಕರ್ಮಿ ಮೊದಲಿಂದ ಕೊನೆಯವರೆಗೆ ಹೊಲಿಯುತ್ತಾರೆ, ಹಿರಿಯರು ಹೇಳಿದ ಎರಡು ಸೂಜಿಯ ಹೊಲಿಗೆ ಅಲ್ಲಿದೆ. ಅಂಥ ಕಡೆ ವಸ್ತುವಿನ ಕಲಂ ನಿಜಕ್ಕೂ ದೊಡ್ಡದು. ಆದರೂ ಅಲ್ಲಿ ಕೂಡ ಬೆಲೆಯ ಹೆಚ್ಚಿನ ಪಾಲು ಹೊಲಿಗೆಗೆ ಹೋಗುವುದಿಲ್ಲ ಎಂದೇ ನನ್ನ ಎಣಿಕೆ.

ಹೆಸರಿನ ಬೆಲೆ ಉಳಿಯುವುದು ಹೇಗೆ ಎಂದೂ ಮಾತಾಡಿದೆವು. ಲೂಯಿ ವಿಟಾನ್ ಕಂಪನಿ ತನ್ನ ಬ್ಯಾಗುಗಳನ್ನು ರಿಯಾಯಿತಿಗೆ ಇಡುವುದಿಲ್ಲ. ಬರ್ಬೆರಿ ಕಂಪನಿ ಒಂದೇ ವರ್ಷದಲ್ಲಿ 2.8 ಕೋಟಿ ಪೌಂಡಿಗೂ ಜಾಸ್ತಿ ಬೆಲೆಯ, ಮಾರಾಟವಾಗದ ಸರಕನ್ನು ನಾಶ ಮಾಡಿದ್ದು 2018ರಲ್ಲಿ ಬೆಳಕಿಗೆ ಬಂತು. ಜನರ ಸಿಟ್ಟಿಗೆ ಗುರಿಯಾಗಿ ಅದೇ ವರ್ಷ ಆ ಪದ್ಧತಿ ಬಿಟ್ಟಿತು. ಚೆನ್ನಾಗಿರುವ ಬಟ್ಟೆ, ಬ್ಯಾಗುಗಳನ್ನು ಕಡಿಮೆ ಬೆಲೆಗೆ ಮಾರುವ ಬದಲು ಸುಡುವುದು ಲಾಭ ಅನ್ನಿಸುವ ವ್ಯಾಪಾರ ಇದು. ಆಕೆಗೆ ಇದು ಸರಿಯಾಗಿ ತಟ್ಟಿತು. "ದಾಸ್ತಾನು ಸುಟ್ಟು ಬೆಲೆ ಕಾಪಾಡೋದು!" ಎಂದು ಎರಡು ಸಲ ಹೇಳಿಕೊಂಡರು.

'ಒರಿಜಿನಲ್ಲಾ' ಎಂಬ ಪ್ರಶ್ನೆಗೂ ಹಳೆಯ ಬೇರಿದೆ. ಕಂಪನಿಯ ಸ್ಥಾಪಕ ಲೂಯಿ ವಿಟಾನ್ ಪ್ಯಾರಿಸ್‌ನಲ್ಲಿ ಪೆಟ್ಟಿಗೆ ಮಾಡುವ ಅಂಗಡಿ ತೆರೆದದ್ದು 1854ರಲ್ಲಿ. ಪೆಟ್ಟಿಗೆಗಳನ್ನು ಬೇರೆಯವರು ನಕಲು ಮಾಡತೊಡಗಿದರು. 1896ರಲ್ಲಿ ಮಗ ಜಾರ್ಜ್, ಹೆಸರಿನ ಅಕ್ಷರ ಮತ್ತು ಹೂಗಳ ಗುರುತನ್ನು ಮೈತುಂಬಾ ಅಚ್ಚು ಹಾಕಿಸಿದ್ದು ಆ ನಕಲನ್ನು ತಡೆಯಲು. ಇವತ್ತು ಅತಿ ಜಾಸ್ತಿ ನಕಲಾಗುವುದರಲ್ಲಿ ಅದೇ ಗುರುತು ಒಂದು.

ಆಕೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಇದ್ದರು. ನಾನು ಮಾತು ನಿಲ್ಲಿಸಿದಾಗ ಪುಟ ನನ್ನ ಕಡೆ ತಿರುಗಿಸಿದರು. ಎರಡರ ಪಕ್ಕ ಮೂರನೇ ಕಲಂ ಒಂದು ಬಂದಿತ್ತು. ಅದಕ್ಕೆ ತಲೆಬರಹ 'ಜೆರಾಕ್ಸ್'. ಒಟ್ಟು ಬೆಲೆಯ ಅರ್ಧಕ್ಕಿಂತ ಜಾಸ್ತಿಯನ್ನು ಆಕೆ ಅದರ ಕೆಳಗೆ ಬರೆದಿದ್ದರು.

ನಾನು ಆ ಪುಟವನ್ನು ಬಹಳ ಹೊತ್ತು ನೋಡಿದೆ. ಮೋಸ ಆಯಿತಾ ಎಂಬ ಪ್ರಶ್ನೆಗೆ ಉತ್ತರ ಆಕೆಯೇ ಬರೆದಿದ್ದರು. ವಸ್ತುವಿಗೆ ಕೊಟ್ಟ ಹಣ ದಂಡವಾಗಿಲ್ಲ, ಬ್ಯಾಗ್ ಗಟ್ಟಿಯಾಗಿದೆ. ಹೆಸರಿಗೆ ಕೊಟ್ಟದ್ದು ಆ ಹೆಸರಿನಿಂದ ಖುಷಿ ಸಿಗುವವರಿಗೆ ಸರಿಯೇ ಇರಬಹುದು. ಅಂಥವರನ್ನು ನಾನು ನೋಡಿದ್ದೇನೆ. ಬಣ್ಣ, ಆಕಾರ, ಅದರ ಹಿಂದಿನ ಚರಿತ್ರೆ ಎಲ್ಲವನ್ನೂ ಪ್ರೀತಿಸುತ್ತಾರೆ. ಕೈಗೆಟುಕುವ ಹಣದಲ್ಲಿ ಕೊಂಡು ದಿನಾ ಬಳಸುತ್ತಾರೆ. ಅವರಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಆದರೆ ಮೂರನೇ ಕಲಮಿನ ಸರಕನ್ನು ಯಾವ ಅಂಗಡಿಯೂ ಕೊಡಲಾರದು. ಆ ಅಧಿಕಾರಿ ಕಡತ ಕೈಗೆ ಕೊಟ್ಟಾಗ, "ಈ ತಂಡದ ಮುಖ್ಯಸ್ಥೆ ನಾನು" ಎಂದು ಹೇಳಲಾಗದ ಆ ಒಂದು ನಿಮಿಷವನ್ನು ಆಕೆ ಮರಳಿ ಕೊಳ್ಳಲು ಹೋಗಿದ್ದರು.

ಸಲಹೆಯ ಭಾಗಕ್ಕೆ ಬರುತ್ತೇನೆ. ಸಾಲದ ವಿಷಯ ಮೊದಲು ಹೇಳಿದೆ, ಅದು ಕಾಯುವುದಿಲ್ಲ. ಆಕೆ ಪ್ರತಿ ತಿಂಗಳು ಕಾರ್ಡಿನ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಿದ್ದರು. ಹಾಗೆ ಕಟ್ಟಿದರೆ ಹಣದ ದೊಡ್ಡ ಪಾಲು ಬಡ್ಡಿಗೆ ಹೋಗುತ್ತದೆ, ಅಸಲು ಅಲ್ಲೇ ಕೂತಿರುತ್ತದೆ. ದಿನವಿಡೀ ಬೇರೆಯವರ ಲೆಕ್ಕ ನೋಡುವ ಆಕೆಗೆ ಇದು ಗೊತ್ತಿರಲಿಲ್ಲ ಎಂದಲ್ಲ, ಬಿಲ್ ತೆರೆದು ನೋಡುವ ಧೈರ್ಯ ಇರಲಿಲ್ಲ. ಬ್ಯಾಂಕಿಗೆ ಹೋಗಿ, ಬಡ್ಡಿ ಕಡಿಮೆ ಇರುವ ಕಂತುಗಳಿಗೆ ಬದಲಿಸಿಕೊಳ್ಳಿ ಎಂದೆ. ಬಿಲ್ಲನ್ನು ನನ್ನ ಎದುರಿಗೇ ತೆರೆದರು. ಕೈ ನಡುಗುತ್ತಿತ್ತು.

ಮಾರಿಬಿಡಲಾ ಎಂದು ಕೇಳಿದರು. ಕೊಳ್ಳುವಾಗ ಅಂಗಡಿಯವರು ಇದೊಂದು ಹೂಡಿಕೆ ಎಂದಿದ್ದರಂತೆ. ಆ ಮಾತು ಕೆಲವೇ ಕೆಲವು ಮಾದರಿಗಳಿಗೆ ಹೊಂದುತ್ತದೆ. ಬೇಡಿಕೆಗಿಂತ ಕಡಿಮೆ ತಯಾರಾಗುವ, ಎರ್ಮೆಸ್‌ನದೇ ಬರ್ಕಿನ್, ಕೆಲ್ಲಿಯಂಥ ಮಾದರಿಗಳು ಬೆಲೆ ಉಳಿಸಿಕೊಳ್ಳುತ್ತವೆ, ಕೆಲವೊಮ್ಮೆ ಏರುತ್ತವೆ ಕೂಡ. ಉಳಿದ ಹೆಚ್ಚಿನವು ಅಂಗಡಿಯಿಂದ ಹೊರಗೆ ಬಂದ ಮೇಲೆ ಕೊಂಡ ಬೆಲೆಗೆ ಹೋಗುವುದಿಲ್ಲ. ಮಾರಿದರೆ ಎಷ್ಟು ಸಿಗಬಹುದು ಎಂದು ವಿಚಾರಿಸಿ, ಆದರೆ ನಾಚಿಕೆಯಿಂದ ತಪ್ಪಿಸಿಕೊಳ್ಳಲು ಮಾರಬೇಡಿ ಎಂದೆ. ನಾಚಿಕೆಯಿಂದ ಕೊಂಡದ್ದನ್ನು ನಾಚಿಕೆಯಿಂದಲೇ ಮಾರಿದರೆ ಎರಡು ಸಲ ನಷ್ಟ. ಒಂದು ತಿಂಗಳು ದಿನಾ ಬಳಸಿ. ಕೊಡೆ ಇಡಿ, ಕಡತ ಇಡಿ, ನೆಲದ ಮೇಲೂ ಇಡಿ. ಆಮೇಲೆ ತೀರ್ಮಾನ ಮಾಡೋಣ.

ನಟಿ ಜೇನ್ ಬರ್ಕಿನ್ ವಿಷಯ ಹೇಳಿದ್ದು ಆವಾಗಲೇ. ಬರ್ಕಿನ್ ಬ್ಯಾಗ್ 1984ರಲ್ಲಿ ಆ ನಟಿಗಾಗಿ ರೂಪುಗೊಂಡದ್ದು. ಆಕೆಗೆಂದೇ ಮಾಡಿದ ಮೊದಲ ಬ್ಯಾಗನ್ನು ಸುಮಾರು ಹತ್ತು ವರ್ಷ ಎಲ್ಲಿಗೆ ಬೇಕಾದರೂ ಹೊತ್ತು ತಿರುಗಿದರು. ತುಂಬಿ ತುಳುಕುವಷ್ಟು ಸಾಮಾನು ಹಾಕುತ್ತಿದ್ದರು, ಮೈಮೇಲೆ ಸ್ಟಿಕ್ಕರ್ ಅಂಟಿಸುತ್ತಿದ್ದರು, ಉಗುರು ಕತ್ತರಿಸುವ ಕಟರ್ ನೇತುಹಾಕಿದ್ದರು. ಆ ಗೀರು ಬಿದ್ದ, ಕಲೆಯಾದ ಬ್ಯಾಗ್ 2025ರ ಜುಲೈನಲ್ಲಿ ಪ್ಯಾರಿಸ್‌ನ ಹರಾಜಿನಲ್ಲಿ ಸುಮಾರು 86 ಲಕ್ಷ ಯೂರೋಗೆ ಹೋಯಿತು. ಅಲ್ಲಿಯೂ ಜನ ಬ್ಯಾಗ್ ಹೊತ್ತವರನ್ನು ನೋಡಿಯೇ ಬ್ಯಾಗಿಗೆ ಬೆಲೆ ಕಟ್ಟಿದ್ದು, ಅಲ್ವಾ?

ಅಕ್ಕನಿಗೆ ನಿಜವಾದ ಬೆಲೆ ಹೇಳಬೇಕು ಎಂದಾಗ ಆಕೆ ತುಂಬಾ ಹಿಂಜರಿದರು. ಬರೀ ಕ್ಷಮೆ ಕೇಳಿದರೆ ಸಾಲದಾ ಎಂದರು. ಸಾಲದು ಎಂದೆ. ಬೆಲೆ ತಿಳಿಯದ ಅಕ್ಕನ ಲೆಕ್ಕದಲ್ಲಿ ತಂಗಿ ಕೂಗಿದ್ದು ಒಂದು ಅಗ್ಗದ ಚೀಲಕ್ಕಾಗಿ. ಬೆಲೆ ಹೇಳಿದರೆ ಅಕ್ಕನಿಗೆ ಸಿಟ್ಟು ಬರಬಹುದು. ಆದರೆ ಜೆರಾಕ್ಸ್ ವಿಷಯವನ್ನೂ ಹೇಳಿದರೆ, ಆ ಕೂಗು ಎಲ್ಲಿಂದ ಬಂತು ಎಂದು ಅಕ್ಕನಿಗೆ ಅರ್ಥ ಆಗುತ್ತದೆ.

ಮೀಟಿಂಗಿನ ವಿಷಯದಲ್ಲಿ ಮಾಡಿದ್ದು ತುಂಬಾ ಸರಳ ಅಭ್ಯಾಸ. ಕೋಣೆಗೆ ಹೋದ ಕೂಡಲೇ ಮೊದಲು ತಾವೇ ಹೆಸರು, ಹುದ್ದೆ ಹೇಳಿಕೊಳ್ಳುವುದು. ಯಾರಾದರೂ ಕಡತ ಕೊಟ್ಟರೆ ನಗುತ್ತಲೇ, "ಇದನ್ನು ನಮ್ಮ ಕಚೇರಿಯವರು ಮಾಡಿಸಿ ಕೊಡುತ್ತಾರೆ, ನಾವು ಲೆಕ್ಕ ಶುರು ಮಾಡೋಣ" ಎನ್ನುವುದು. ನನ್ನ ಕೋಣೆಯಲ್ಲಿ ಇದನ್ನು 20 ಸಲವಾದರೂ ಹೇಳಿಸಿರಬಹುದು. ಮೊದಲ ಹತ್ತು ಸಲ ದನಿ ಗಂಟಲಲ್ಲೇ ನಿಂತಿತು. ಆ ಅಧಿಕಾರಿಯ ಮುಂದೆ ಅದನ್ನು ಹೇಳುವ ಅವಕಾಶ ಆಕೆಗೆ ಇನ್ನೂ ಸಿಕ್ಕಿಲ್ಲ. ಬೇರೆ ಎರಡು ಮೀಟಿಂಗಿನಲ್ಲಿ ಹೇಳಿದ್ದಾರೆ. ಒಂದರಲ್ಲಿ ಚೆನ್ನಾಗಿ ಬಂತು, ಇನ್ನೊಂದರಲ್ಲಿ ತಡವರಿಸಿದರು.

ಅಕ್ಕ ಮೊದಲ ಎರಡು ಸಲ ಫೋನ್ ಎತ್ತಲಿಲ್ಲ. ಮೂರನೇ ಸಲ ಇವರು ನೇರವಾಗಿ ಮನೆಗೇ ಹೋದರು. ಬೆಲೆ ಕೇಳಿ ಅಕ್ಕ ಬೈದರಂತೆ, ಚೆನ್ನಾಗಿಯೇ ಬೈದರಂತೆ. ಜೆರಾಕ್ಸ್ ವಿಷಯ ಕೇಳಿದ ಮೇಲೆ ಸುಮ್ಮನಾಗಿ, "ಅವತ್ತೇ ನನಗೆ ಯಾಕೆ ಹೇಳಲಿಲ್ಲ ಕಣೇ?" ಎಂದರಂತೆ.

ಕೊನೆಯ ಭೇಟಿಗೆ ಆಕೆ ಬಂದಾಗ ಹೆಗಲಲ್ಲಿ ಮತ್ತೆ ಬಟ್ಟೆಯ ಚೀಲವಿತ್ತು. ಬಿಟ್ಟ ಹೊಲಿಗೆ ಹಾಕಿಸಿದ್ದರು. ಒಂದು ಕ್ಷಣ ನನಗೆ ಕಳವಳವಾಯಿತು. ಬ್ಯಾಗ್ ಎಲ್ಲಿ ಎಂದು ಕೇಳಿದೆ.

"ಅಕ್ಕ ಆಸ್ಪತ್ರೆಗೆ ತಗೊಂಡು ಹೋಗಿದ್ದಾಳೆ ಮೇಡಂ. ರಿಪೋರ್ಟ್ ಮಡಚದೆ ಇಡೋಕೆ ಅದೇ ಸರಿ ಅಂತೆ" ಎಂದರು. "ಕಂತು ಇನ್ನೂ 7 ಇವೆ."